ಕೆಮಿಸ್ಟ್ರಿ ಓದುವ ಮಕ್ಕಳ ಕೈಗೆ ಯಂತ್ರ ಸಿಗಲಿ

ಗಲ್ಫ್‌ನಲ್ಲಿ ನಾವು ದಿನವೂ ಬಳಸುವ ನೀರಿನಲ್ಲಿ ಬಹುಪಾಲು ಸಮುದ್ರದ್ದೇ. ಲೀಟರಿಗೆ ಸುಮಾರು 40 ಗ್ರಾಂ ಉಪ್ಪಿರುವ ಆ ನೀರನ್ನು ಸಿಹಿನೀರು ಮಾಡುವ ಘಟಕವೊಂದರ ಲ್ಯಾಬಿನಲ್ಲಿ ನನ್ನ ಕೆಲಸ. ರಜೆಯಲ್ಲಿ ಊರಿಗೆ ಹೋದರೆ ಒಂದು ಪ್ರಶ್ನೆ ತಪ್ಪುವುದಿಲ್ಲ: "ಮಗಳು ಎಂ.ಎಸ್ಸಿ. ಕೆಮಿಸ್ಟ್ರಿ ಓದುತ್ತಿದ್ದಾಳೆ, ಅಲ್ಲಿ ಕೆಲಸ ಸಿಗುತ್ತದಾ?" ಇಲ್ಲಿ ದುಡಿದು ಮಕ್ಕಳ ಫೀಸು ಕಳಿಸುವ ನಮ್ಮವರೂ ಇದನ್ನೇ ಕೇಳುತ್ತಾರೆ. ನಾನು ತಿರುಗಿ ಕೇಳುವುದು ಇಷ್ಟೇ: "ಲ್ಯಾಬಿನ ಯಂತ್ರಗಳನ್ನು ಅವಳೇ ನಡೆಸಿದ್ದಾಳಾ?"

ಒಮ್ಮೆ ನಮ್ಮ ಕಡೆಯ ಹುಡುಗನೊಬ್ಬ ಸಂದರ್ಶನಕ್ಕೆ ಬಂದಿದ್ದ. ಫಸ್ಟ್ ಕ್ಲಾಸ್. 1913ರಲ್ಲಿ ನೊಬೆಲ್ ಪಡೆದ ಆಲ್‌ಫ್ರೆಡ್ ವರ್ನರ್ ಅವರ ಸಂಕೀರ್ಣ ಸಂಯುಕ್ತಗಳ ಸಿದ್ಧಾಂತವನ್ನು ತಡವರಿಸದೆ ವಿವರಿಸಿದ. ಆಮೇಲೆ ಪಿಎಚ್ ಮೀಟರ್ ಕೊಟ್ಟೆವು. ಪಕ್ಕದಲ್ಲೇ 4, 7, 10ರ ಬಫರ್ ದ್ರಾವಣಗಳಿದ್ದವು. ಅವುಗಳಲ್ಲಿ ಮೀಟರನ್ನು ಸರಿಹೊಂದಿಸದೆ ನೇರವಾಗಿ ಸ್ಯಾಂಪಲ್‌ಗೆ ಅದ್ದಿದ. ಕೆಲಸ ಸಿಗಲಿಲ್ಲ. ಕಾಲೇಜಿನಲ್ಲಿದ್ದುದು ಒಂದೇ ಮೀಟರ್. ಮೇಷ್ಟ್ರು ಮಾಡಿ ತೋರಿಸುತ್ತಿದ್ದರು, ಇವರು ರೆಕಾರ್ಡ್ ಬರೆಯುತ್ತಿದ್ದರು. ಹೊರಡುವಾಗ "ಒಮ್ಮೆ ಹೇಳಿಕೊಡ್ತೀರಾ ಸಾರ್?" ಎಂದ. ಹತ್ತು ನಿಮಿಷದಲ್ಲಿ ಕಲಿತ.

ಹಾಗೆಂದು ಥಿಯರಿ ಬೇಡ ಎಂದಲ್ಲ. ನೀರಿನ ಗಡಸುತನ ಅಳೆಯಲು ಇಡಿಟಿಎ ಟೈಟ್ರೇಶನ್ ಮಾಡುತ್ತೇವೆ. ಪಿಎಚ್ 10ರಲ್ಲಿ ಎರಿಯೋಕ್ರೋಮ್ ಬ್ಲ್ಯಾಕ್ ಟಿ ಹಾಕಿದಾಗ ಕೆಂಪಗಿದ್ದ ನೀರು ಕೊನೆಗೆ ನೀಲಿಯಾಗುತ್ತದೆ. ಇಡಿಟಿಎ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಹಿಡಿದುಕೊಂಡು ಸಂಕೀರ್ಣ ಕಟ್ಟುವುದೇ ಇದಕ್ಕೆ ಕಾರಣ. ಪರೀಕ್ಷೆಗೆ ಓದಿದ ವರ್ನರ್ ಪಾಠ ಬ್ಯೂರೆಟ್ಟಿನ ಕೆಳಗೆ ಕಾಣುವುದು ಹೀಗೆ.

ಆಸ್ಟ್ರೇಲಿಯಾದ ಅಲನ್ ವಾಲ್ಶ್ 1955ರಲ್ಲಿ ವಿವರಿಸಿದ ಅಟಾಮಿಕ್ ಅಬ್ಸಾರ್ಪ್ಶನ್ ವಿಧಾನವನ್ನು ನೋಡಿ. ಸ್ಯಾಂಪಲ್ ಸುಮಾರು 2,300 ಡಿಗ್ರಿ ಸೆಲ್ಸಿಯಸ್ ಜ್ವಾಲೆಯಲ್ಲಿ ಪರಮಾಣುಗಳಾಗುತ್ತದೆ. ಪ್ರತಿ ಲೋಹವೂ ತನ್ನದೇ ತರಂಗಾಂತರದ ಬೆಳಕನ್ನು ಹೀರುತ್ತದೆ. ಆದರೆ ನೀರಿನಲ್ಲಿ ಫಾಸ್ಫೇಟ್ ಇದ್ದರೆ ಅದು ಕ್ಯಾಲ್ಸಿಯಂ ಅನ್ನು ಬಿಗಿಹಿಡಿದು, ಯಂತ್ರ ಕಡಿಮೆ ಅಂಕಿ ತೋರಿಸುತ್ತದೆ. ಲ್ಯಾಂಥನಮ್ ಸೇರಿಸಿದರೆ ಫಾಸ್ಫೇಟ್ ಅದಕ್ಕೆ ಅಂಟಿಕೊಂಡು ಕ್ಯಾಲ್ಸಿಯಂ ಬಿಡುಗಡೆಯಾಗುತ್ತದೆ. ಇದನ್ನು ಯಂತ್ರ ಹೇಳುವುದಿಲ್ಲ, ಓದಿದವರೇ ಊಹಿಸಬೇಕು. ಕುಡಿಯುವ ನೀರಿನಲ್ಲಿ ಸೀಸಕ್ಕೆ ಭಾರತೀಯ ಮಾನಕದ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಅಷ್ಟು ಸಣ್ಣ ಅಂಕಿ ತಪ್ಪಾದರೆ ಕುಡಿಯುವವರಿಗೆ ತಿಳಿಯುವುದೇ ಇಲ್ಲ.

ಆದ್ದರಿಂದ ಮುಂದಿನ ಸಲ ಊರಿಗೆ ಫೋನ್ ಮಾಡಿದಾಗ ಮಾರ್ಕ್ಸ್ ಜೊತೆಗೆ ಇದನ್ನೂ ಕೇಳಿ: ಸ್ಟ್ಯಾಂಡರ್ಡ್ ದ್ರಾವಣವನ್ನು ನೀನೇ ತೂಗಿ ಮಾಡಿದೆಯಾ? ಮೀಟರ್ ನೀನೇ ಸರಿಹೊಂದಿಸಿದೆಯಾ? ಬ್ಲ್ಯಾಂಕ್ ಓದಿಸಿದೆಯಾ? ದೊಡ್ಡ ಯಂತ್ರ ಕಾಲೇಜಿನಲ್ಲಿ ಇಲ್ಲದಿದ್ದರೂ ತಕ್ಕಡಿ, ಬ್ಯೂರೆಟ್, ಕಲರಿಮೀಟರ್ ಇದ್ದೇ ಇರುತ್ತವೆ. "ಇಲ್ಲ" ಎಂದರೆ ಬೈಯಬೇಡಿ. ನಾಳೆ ಮೇಷ್ಟ್ರ ಹತ್ತಿರ ಹೋಗಿ ಹತ್ತು ನಿಮಿಷ ಕೇಳಿಕೋ ಎನ್ನಿ.