ಮಾರುವ ಮೊದಲು ಮನೆಗೆ ಬೆಲೆ ಕಟ್ಟುವುದು

ಕೊಪ್ಪದಲ್ಲಿ ನಮ್ಮ ದಾದಾ ಕಟ್ಟಿಸಿದ ಹೆಂಚಿನ ಮನೆ ಈಗ ಅಬ್ಬಾ, ಚಾಚಾ ಮತ್ತು ಫುಪ್ಪು (ಅಬ್ಬಾನ ಅಕ್ಕ) ಮೂವರಿಗೆ ಸೇರಿದ್ದು. ಷರೀಅತ್ ಪ್ರಕಾರ ಮಗನಿಗೆ ಎರಡು ಪಾಲಾದರೆ ಮಗಳಿಗೆ ಒಂದು. ಹಾಗಾಗಿ ಮನೆಯನ್ನು ಐದು ಭಾಗ ಮಾಡಿದರೆ ಫುಪ್ಪುಗೆ ಒಂದು ಭಾಗ. ಇದರಲ್ಲಿ ಯಾರಿಗೂ ತಕರಾರಿಲ್ಲ. ಮನೆಯನ್ನು ತಾವೇ ಇಟ್ಟುಕೊಂಡು ಉಳಿದಿಬ್ಬರಿಗೆ ಹಣ ಕೊಡುತ್ತೇನೆ ಎಂದು ಚಾಚಾ ಹೇಳಿದಾಗ ಮಾತು ನಿಂತದ್ದು ಒಂದೇ ಕಡೆ: ಐದರಲ್ಲಿ ಒಂದು ಸರಿ, ಆದರೆ ಎಷ್ಟು ರೂಪಾಯಿಯ ಐದರಲ್ಲಿ ಒಂದು?

ಊರಲ್ಲಿ ಎಲ್ಲರೂ ಮೊದಲು ಹೇಳುವುದು 'ಸರ್ಕಾರಿ ರೇಟು'. ಅದರ ಸರಿಯಾದ ಹೆಸರು ಮಾರ್ಗಸೂಚಿ ಬೆಲೆ. ಊರು, ಬಡಾವಣೆ, ರಸ್ತೆಗೆ ತಕ್ಕಂತೆ ಜಾಗಕ್ಕೆ ಒಂದು ದರ, ಕಟ್ಟಡಕ್ಕೆ ಇನ್ನೊಂದು. ಆರ್‌ಸಿಸಿ ಮನೆಯ ದರವೇ ಹೆಂಚಿನ ಮನೆಗೆ ಇರುವುದಿಲ್ಲ. ರಾಜ್ಯದಲ್ಲಿ ಈ ದರಗಳನ್ನು 2023ರ ಅಕ್ಟೋಬರ್ 1ರಿಂದ ಪರಿಷ್ಕರಿಸಲಾಯಿತು. ಕಾವೇರಿ ಜಾಲತಾಣದಲ್ಲೂ ಉಪನೋಂದಣಾಧಿಕಾರಿ ಕಚೇರಿಯಲ್ಲೂ ಇದನ್ನು ತಿಳಿಯಬಹುದು. ಆದರೆ ಇದು ಇರುವುದು ಮುದ್ರಾಂಕ ಶುಲ್ಕದ ಲೆಕ್ಕಕ್ಕೆ. ಪತ್ರದಲ್ಲಿ ಕಡಿಮೆ ಮೊತ್ತ ತೋರಿಸಿ ಶುಲ್ಕ ಉಳಿಸಬಾರದು ಎಂಬುದೇ ಇದರ ಉದ್ದೇಶ. ಮನೆ ಇಷ್ಟಕ್ಕೇ ಮಾರಬೇಕು ಎಂದು ಇದು ಹೇಳುವುದಿಲ್ಲ.

ಲೆಕ್ಕಕ್ಕೆಂದು ಎರಡು ಅಂಕಿ ಹಾಕೋಣ. ಮಾರ್ಗಸೂಚಿ ಪ್ರಕಾರ 15 ಲಕ್ಷ ಬರುವ ಮನೆಗೆ ಹೊರಗಿನವರು 30 ಲಕ್ಷ ಕೊಡಲು ತಯಾರಿದ್ದರೆ, ಫುಪ್ಪು ಪಾಲು ಒಂದು ಲೆಕ್ಕದಲ್ಲಿ 3 ಲಕ್ಷ, ಇನ್ನೊಂದರಲ್ಲಿ 6 ಲಕ್ಷ. ಪಾಲು ಬದಲಾಗಿಲ್ಲ, ಹಣ ಅರ್ಧವಾಯಿತು! ದ್ವಿತೀಯ ಪಿಯುಸಿಯ ಅಕೌಂಟೆನ್ಸಿಯಲ್ಲಿ ಪಾಲುದಾರ ನಿವೃತ್ತನಾದಾಗ ಆಸ್ತಿಗಳನ್ನು ಹಳೆಯ ಪುಸ್ತಕದ ಬೆಲೆಯಲ್ಲಿ ಬಿಡದೆ ಮತ್ತೆ ಬೆಲೆ ಕಟ್ಟುತ್ತೇವಲ್ಲ, ಅದರ ಕಾರಣ ನನಗೆ ಸರಿಯಾಗಿ ಅರ್ಥವಾದದ್ದು ಈ ಮಾತುಕತೆಯಲ್ಲಿ.

ಹಾಗಾದರೆ ಪೇಟೆ ಬೆಲೆ ತಿಳಿಯುವುದು ಹೇಗೆ? ಹತ್ತಿರದಲ್ಲಿ ಇತ್ತೀಚೆಗೆ ಮಾರಾಟವಾದ ಅಂಥದೇ ಮನೆಗಳನ್ನು ಹೋಲಿಸಬೇಕು. ನೋಂದಣಿಯಾದ ಕ್ರಯಪತ್ರದ ದೃಢೀಕೃತ ನಕಲನ್ನು ಶುಲ್ಕ ಕಟ್ಟಿ ಪಡೆಯಬಹುದು. ಪತ್ರದಲ್ಲಿ ಬರೆದದ್ದಕ್ಕೂ ಕೈ ಬದಲಾದ ಹಣಕ್ಕೂ ವ್ಯತ್ಯಾಸ ಇರುವುದುಂಟು, ಆದ್ದರಿಂದ ಒಂದೇ ಪತ್ರ ನಂಬಿ ಕೂರಬಾರದು. ಜಾಗವೂ ಮುಖ್ಯ. ಶೃಂಗೇರಿಯಲ್ಲಿ ದೇವಸ್ಥಾನಕ್ಕೆ ನಡೆದು ಹೋಗುವಷ್ಟು ಹತ್ತಿರದ ಮನೆಯನ್ನು ಕೊಳ್ಳುವವರು ಯಾತ್ರಿಗಳಿಗೆ ಕೊಡುವ ಕೋಣೆಗಳ ಬಾಡಿಗೆಯನ್ನೂ ಲೆಕ್ಕ ಹಾಕುತ್ತಾರೆ. ಅಷ್ಟೇ ದೊಡ್ಡ ಮನೆ ನರಸಿಂಹರಾಜಪುರದ ಒಳರಸ್ತೆಯಲ್ಲಿದ್ದರೆ ಆ ಲೆಕ್ಕವೇ ಇಲ್ಲ. ಅಡಿಕೆ ಧಾರಣೆ ಚೆನ್ನಾಗಿದ್ದಾಗ ನಮ್ಮ ಕಡೆ ಮನೆ ಕೇಳಿಕೊಂಡು ಬರುವವರೂ ಹೆಚ್ಚು.

ಜಾಗದ ಬೆಲೆ ಏರಿದರೂ ಕಟ್ಟಡದ ಬೆಲೆ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ಮಲೆನಾಡಿನ ಮಳೆಗೆ ಗೋಡೆ ತೇವ ಹೀರಿದೆಯೇ, ಮಾಡಿನ ಪಕಾಸಿಗೆ ಗೆದ್ದಲು ಹಿಡಿದಿದೆಯೇ ಎಂದು ಮೌಲ್ಯಮಾಪಕರು ನೋಡುತ್ತಾರೆ. ಹಳೆ ಮನೆಯ ಒಳ್ಳೆಯ ಮರದ ಕಂಬ, ಬಾಗಿಲುಗಳಿಗೆ ಬೇರೆಯೇ ಬೆಲೆ ಉಂಟು. ಅದನ್ನು ಬಿಡಬಾರದು ಎಂದು ನೆನಪಿಸಿದ್ದು ಫುಪ್ಪು.

ಕಾಗದಪತ್ರ ಸರಿಯಿಲ್ಲದಿದ್ದರೆ ಒಳ್ಳೆಯ ಮನೆಯೂ ಅಗ್ಗ. ಪಟ್ಟಣ ಪಂಚಾಯಿತಿಯಾದರೆ ಇ-ಖಾತೆ, ಗ್ರಾಮ ಪಂಚಾಯಿತಿಯಾದರೆ ನಮೂನೆ 9 ಮತ್ತು 11, ಜೊತೆಗೆ ಋಣಭಾರ ಪತ್ರ ಬೇಕು. ಬ್ಯಾಂಕು ಸಾಲ ಕೊಡದ ಮನೆಯನ್ನು ಕೈಯಲ್ಲಿ ಪೂರ್ತಿ ಹಣ ಇದ್ದವರೇ ಕೊಳ್ಳಬೇಕು. ಅಂಥವರು ಕಡಿಮೆ, ಅವರು ಕೇಳುವ ಬೆಲೆಯೂ ಕಡಿಮೆ. 94ಸಿ ಅಡಿ ಹಕ್ಕುಪತ್ರ ಸಿಕ್ಕ ಮನೆಯಾದರೆ ಅದರಲ್ಲಿ ಬರೆದಿರುವ ಷರತ್ತುಗಳನ್ನು ಮೊದಲು ಓದಬೇಕು.

ಮೂವರೂ ಒಪ್ಪಿದ ಮೌಲ್ಯಮಾಪಕರೊಬ್ಬರು ಕಳೆದ ವಾರ ಬಂದು ಅಳತೆ ತೆಗೆದುಕೊಂಡು ಹೋದರು. ವರದಿ ಬರುವ ತನಕ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುವುದಿಲ್ಲ ಎಂದು ಫುಪ್ಪು ನಗುತ್ತಲೇ ಹೇಳಿದ್ದಾರೆ. ಚಾಚಾ ಕೂಡ ಅದೇ ಸರಿ ಎಂದರು.