ಹೆಸರಿಲ್ಲದ ನ್ಯೂನತೆ: ಅಂಬ್ಲಿಗೊಳ ಪರಿಸರ ಮತ್ತು ಆಟಿಸಂ, ಎಡಿಎಚ್‌ಡಿ ಮಕ್ಕಳ ಮೌಲ್ಯಮಾಪನ

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಕೋಡಿಯಮಠವನ್ನು ವರ್ಣಿಸುವ ಕ್ರಿ.ಶ. 1162ರ ಶಾಸನವು, ಅಲ್ಲಿ ಕುಂಟರು, ಕುರುಡರು, ಕಿವುಡರು ಮೊದಲಾದವರಿಗೆ ಅನ್ನವೂ ರೋಗಿಗಳಿಗೆ ಔಷಧೋಪಚಾರವೂ ದೊರೆಯುತ್ತಿದ್ದುದನ್ನು ತಿಳಿಸುತ್ತದೆ. ಕಣ್ಣಿಗೆ ಕಾಣುವ ನ್ಯೂನತೆಗೆ ಹೆಸರಿತ್ತು, ಆಶ್ರಯವೂ ಇತ್ತು. ಕಾಣದ ನ್ಯೂನತೆಯ ಮಾತು ಬೇರೆ. ಅದೇ ತಾಲ್ಲೂಕಿನ ಅಂಬ್ಲಿಗೊಳ ಜಲಾಶಯದ ಸುತ್ತಣ ಹಳ್ಳಿಗಳಿಗೂ ನೆರೆಯ ಸೊರಬ ಸೀಮೆಗೂ ಇದು ಇಂದಿನ ಪ್ರಶ್ನೆಯೇ ಆಗಿದೆ.

ಕನ್ನಡ ಜನಪದರಲ್ಲಿ ಇಂಥ ಮಕ್ಕಳನ್ನು ಕುರಿತ ನುಡಿಗಳಿಲ್ಲವೆಂದಲ್ಲ. ಮಾತಾಡದ ಕೂಸಿಗೆ ‘ಮಾತು ತಡ’, ಕೂತಲ್ಲಿ ಕೂರದ ಹುಡುಗನಿಗೆ ‘ತುಂಟ’, ಪಾಠದ ನಡುವೆ ಎತ್ತಲೋ ನೋಡುವ ಹುಡುಗಿಗೆ ‘ಸಾಧು’. ಕರೆದರೆ ಓಗೊಡದ ಮಗುವಿಗೆ ದೃಷ್ಟಿ ತೆಗೆಯುವುದು, ಹರಕೆ ಹೊರುವುದು. ಇವನ್ನು ಮೌಢ್ಯವೆಂದು ತಳ್ಳಿಹಾಕುವುದು ಸುಲಭ, ಆದರೆ ಸರಿಯಲ್ಲ. ಮಗುವನ್ನು ತಮ್ಮದೆಂದೇ ಉಳಿಸಿಕೊಂಡ ನುಡಿಗಳಿವು. ಆದರೂ ಹೀಗೆ ಕಾಯುವುದರಲ್ಲಿ ಕಳೆದುಹೋಗುವುದು ನೆರವು ಹೆಚ್ಚು ಫಲಿಸುವ ಎಳೆಯ ವರ್ಷಗಳು.

ಗಮನಾರ್ಹ ಸಂಗತಿಯೆಂದರೆ, ತಜ್ಞರು ಕೇಳುವ ಪ್ರಶ್ನೆಗಳಿಗೆ ತಾಯಂದಿರ ಬಳಿ ಉತ್ತರ ಮೊದಲೇ ಇರುತ್ತದೆ. ಚಂದಮಾಮನನ್ನು ತೋರಿಸಿ ತುತ್ತುಣಿಸುವಾಗ ಮಗು ಬೆರಳಿನ ಜಾಡು ಹಿಡಿದು ಮೇಲೆ ನೋಡುತ್ತದೆಯೇ? ತಾನೂ ಬೆರಳು ಚಾಚಿ ತೋರಿಸುತ್ತದೆಯೇ? ಕಣ್ಣಾಮುಚ್ಚಾಲೆಯಲ್ಲಿ ತನ್ನ ಸರದಿಯನ್ನು ಅರಿಯುತ್ತದೆಯೇ? ಬೆರಳು ತೋರಿದತ್ತ ನೋಡದಿರುವುದು ಆಟಿಸಂನ ಮುಖ್ಯ ಮುನ್ಸೂಚನೆಗಳಲ್ಲೊಂದು. ಅಂಗನವಾಡಿ ಕಾರ್ಯಕರ್ತೆ ಅಚ್ಚಾದ ನಮೂನೆಯ ಭಾಷೆಯನ್ನು ಬಿಟ್ಟು ಹೀಗೆ ಕೇಳಿದಲ್ಲಿ ಉತ್ತರ ಹೆಚ್ಚು ನಿಖರವಾದೀತು. ಒಂದೇ ಲಕ್ಷಣದಿಂದ ನಿರ್ಣಯ ಸಲ್ಲದು. ಶ್ರವಣ ಪರೀಕ್ಷೆಯಂತೂ ಆಗಲೇಬೇಕು. ತಾಂಡಾಗಳ ಲಂಬಾಣಿ ಮಗುವನ್ನು ಕನ್ನಡದಲ್ಲಷ್ಟೇ ಪರೀಕ್ಷಿಸಿ ‘ಮಾತು ಹಿಂದುಳಿದಿದೆ’ ಎಂದು ಬರೆಯುವುದು ಮೌಲ್ಯಮಾಪನವೆನಿಸದು.

ಆಟಿಸಂಗೆ 2009ರಲ್ಲಿ ಸಿದ್ಧವಾದ ಭಾರತೀಯ ಮಾಪನವು 40 ಅಂಶಗಳನ್ನೊಳಗೊಂಡಿದೆ. 70ಕ್ಕಿಂತ ಕಡಿಮೆ ಅಂಕ ಬಂದರೆ ಆಟಿಸಂ ಇಲ್ಲವೆಂದು ಅರ್ಥ. ಎಡಿಎಚ್‌ಡಿಯ ನಿರ್ಣಯಕ್ಕೆ ಲಕ್ಷಣಗಳು 12 ವರ್ಷಕ್ಕೆ ಮುನ್ನವೇ, ಮನೆ ಶಾಲೆಗಳಂಥ ಎರಡು ಕಡೆಯಾದರೂ ಕಂಡಿರಬೇಕು. ಆದ್ದರಿಂದ ಶಿಕ್ಷಕರ ಮಾತಿಗೂ ತೂಕವಿದೆ. ಇವೆರಡೂ ಒಂದೇ ಮಗುವಿನಲ್ಲಿರಬಹುದೆಂದು ಅಮೆರಿಕದ ಮನೋವೈದ್ಯಕೀಯ ಕೈಪಿಡಿ ಒಪ್ಪಿದ್ದು 2013ರಲ್ಲಿ.

ಹೆಸರಿನ ತೊಡಕು ಕಾನೂನಿನಲ್ಲೂ ಇದೆ. 1995ರ ಅಂಗವಿಕಲರ ಕಾಯಿದೆಯ 7 ವರ್ಗಗಳಲ್ಲಿ ಆಟಿಸಂ ಇರಲಿಲ್ಲ. 2016ರ ಕಾಯಿದೆಯ 21ರಲ್ಲಿ ಅದು ಸೇರಿತು, ಎಡಿಎಚ್‌ಡಿ ಪ್ರತ್ಯೇಕವಾಗಿ ಸೇರಲಿಲ್ಲ. ವಿಚಿತ್ರವೆಂದರೆ 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣಾ ಪಟ್ಟಿಯಲ್ಲಿ ಎರಡೂ ಇವೆ. ಆ ಕ್ರಮದಂತೆ ಅಂಗನವಾಡಿಯಲ್ಲಿ ವರ್ಷಕ್ಕೆರಡು ಸಲ, ಶಾಲೆಯಲ್ಲಿ ಒಂದು ಸಲ ತಪಾಸಣೆ. ಅನುಮಾನ ಬಂದಲ್ಲಿ ಜಿಲ್ಲಾ ಕೇಂದ್ರಕ್ಕೆ ಶಿಫಾರಸು. ಅಂಬ್ಲಿಗೊಳದ ಕೂಲಿಯವರಿಗೆ ಜಿಲ್ಲಾ ಕೇಂದ್ರವೆಂದರೆ ಶಿವಮೊಗ್ಗ, ಒಂದು ದಿನದ ದುಡಿಮೆ. ವಾಕ್ ಚಿಕಿತ್ಸೆಯಾದರೋ ವಾರವಾರ ಬೇಡುವಂಥದು. ತಜ್ಞರು ತಿಂಗಳಿಗೊಮ್ಮೆ ತಾಲ್ಲೂಕು ಆಸ್ಪತ್ರೆಗೆ ಬಂದು, ಚೌಕಾಬಾರ, ಅಳಗುಳಿಮಣೆಗಳ ಸರದಿಯಾಟದಲ್ಲೇ ಅಭ್ಯಾಸ ಮಾಡಿಸುವುದನ್ನು ತಾಯಿ, ಅಜ್ಜಿಯರಿಗೆ ಕಲಿಸಿಹೋದರೆ ಉಳಿದ ದಿನಗಳ ಕೆಲಸ ಮನೆಯಂಗಳದಲ್ಲಿಯೇ ಸಾಗುತ್ತದೆ.