‘ಕಥೆ ಮತ್ತು ಹಾಡು’: ಒಂದು ಜನಪದ ಕಥೆಯ ಅರ್ಥವಿಚಾರ

ಎ.ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡ ಜನಪದ ಕಥೆಗಳು ಅವರ ನಿಧನಾನಂತರ, 1997ರಲ್ಲಿ, ‘ಎ ಫ್ಲವರಿಂಗ್ ಟ್ರೀ’ ಎಂಬ ಇಂಗ್ಲಿಷ್ ಸಂಕಲನವಾಗಿ ಪ್ರಕಟವಾದವು. ಅದರಲ್ಲಿನ ‘ಕಥೆ ಮತ್ತು ಹಾಡು’ ಎಂಬ ಕಿರುಗಥೆಗೆ ಕಲ್ಪನೆಯೇ ವಸ್ತು.

ಗೃಹಿಣಿಯೊಬ್ಬಳಿಗೆ ಒಂದು ಕಥೆಯೂ ಒಂದು ಹಾಡೂ ಗೊತ್ತಿದ್ದವು. ಅವುಗಳನ್ನು ಅವಳು ಯಾರಿಗೂ ಹೇಳಲಿಲ್ಲ, ಹಾಡಲಿಲ್ಲ. ಉಸಿರುಗಟ್ಟಿದ ಅವು, ಅವಳು ಬಾಯಿ ತೆರೆದು ನಿದ್ರಿಸುತ್ತಿದ್ದಾಗ ಹೊರಬಿದ್ದವು. ಕಥೆ ಮನೆಯ ಹೊರಗೆ ಒಂದು ಜೊತೆ ಪಾದರಕ್ಷೆಯಾಯಿತು. ಹಾಡು ಗೂಟಕ್ಕೆ ತೂಗಿದ ಗಂಡಸಿನ ಕೋಟಾಯಿತು. ಇವು ಯಾರವೆಂದು ಗಂಡ ಕೇಳಿದಾಗ ಅವಳು ತಿಳಿಯದೆಂದಳು. ಜಗಳವಾಯಿತು. ಅವನು ಕಂಬಳಿ ಹೊತ್ತು ಹನುಮಂತನ ಗುಡಿಗೆ ಹೋಗಿ ಮಲಗಿದ. ಊರ ಮನೆಗಳಲ್ಲಿ ಆರಿಸಿದ ದೀಪಗಳ ಕುಡಿಗಳು ರಾತ್ರಿ ಅಲ್ಲಿ ಸೇರಿ ಹರಟುವುದು ರೂಢಿ. ತಡವಾಗಿ ಬಂದ ಅವನ ಮನೆಯ ದೀಪ ಜಗಳದ ನಿಜಸಂಗತಿಯನ್ನು ಉಳಿದವಕ್ಕೆ ಹೇಳಿತು. ಮುಂಜಾನೆ ಮನೆಗೆ ಮರಳಿದ ಗಂಡ ಕಥೆ, ಹಾಡುಗಳನ್ನು ಕುರಿತು ವಿಚಾರಿಸಿದ. ಅವಳಿಗೆ ಎರಡೂ ಮರೆತುಹೋಗಿದ್ದವು.

ಹೇಳದ ಕಥೆ ಸೇಡು ತೀರಿಸಿಕೊಳ್ಳುತ್ತದೆ ಎಂಬುದು ಇಲ್ಲಿ ಮೇಲ್ನೋಟಕ್ಕೆ ಕಾಣುವ ಆಶಯ. ಆದರೆ ಕಥೆಯಲ್ಲಿ ಕಲ್ಪನೆಯುಳ್ಳವಳು ಹೆಂಡತಿ ಮಾತ್ರವಲ್ಲ. ವಾರಸುದಾರರಿಲ್ಲದ ಕೋಟು, ಪಾದರಕ್ಷೆಗಳನ್ನು ಕಂಡ ಗಂಡ, ಇಲ್ಲದ ಪುರುಷನೊಬ್ಬನನ್ನು ಅವುಗಳೊಳಗೆ ನಿಲ್ಲಿಸುತ್ತಾನೆ. ಅವನ ಸಂಶಯವೂ ಒಂದು ಕಟ್ಟುಕಥೆಯೇ. ಹಂಚಿಕೊಳ್ಳದ ಕಲ್ಪನೆ ತೆರವು ಮಾಡಿದ ಸ್ಥಳವನ್ನು ಅನುಮಾನವೆಂಬ ಕಲ್ಪನೆ ಆಕ್ರಮಿಸುತ್ತದೆ.

ಸತ್ಯ ಅವನಿಗೆ ತಿಳಿಯುವ ಬಗೆಯೂ ಗಮನಾರ್ಹ. ಹೆಂಡತಿಯನ್ನು ಪ್ರಶ್ನಿಸಿದಾಗ ದೊರೆಯದ ಉತ್ತರ, ಕತ್ತಲಲ್ಲಿ ಸುಮ್ಮನೆ ಮಲಗಿ ಕಿವಿಗೊಟ್ಟಾಗ ದೊರೆಯುತ್ತದೆ. ಅವನು ಕೇಳುಗನಾದದ್ದು ಅಲ್ಲಿ, ಅದೂ ಹೆಂಡತಿಗಲ್ಲ, ದೀಪಗಳಿಗೆ. ಆದ್ದರಿಂದಲೇ ಅಂತ್ಯ ಸುಖಾಂತವೆನಿಸಿದರೂ ಪೂರ್ಣವಲ್ಲ. ಸಂಶಯ ನೀಗಿತು, ಕಥೆ ಮರಳಲಿಲ್ಲ.

ಗಿರೀಶ ಕಾರ್ನಾಡರು 1987-88ರಲ್ಲಿ ಷಿಕಾಗೊ ವಿಶ್ವವಿದ್ಯಾನಿಲಯದಲ್ಲಿದ್ದಾಗ ರಚಿಸಿದ ‘ನಾಗಮಂಡಲ’ಕ್ಕೆ ರಾಮಾನುಜನ್ ಅವರಿಂದ ಕೇಳಿದ ಎರಡು ಜನಪದ ಕಥೆಗಳು ಆಧಾರ, ಅವುಗಳಲ್ಲಿ ಇದೂ ಒಂದು. ಅಲ್ಲಿ ಕಥೆ ತರುಣಿಯಾಗಿ, ಹಾಡು ಅವಳ ಸೀರೆಯಾಗಿ ಬಂದು ಕೇಳುಗನನ್ನು ಪಡೆಯುತ್ತವೆ.

ಮೂಲಕಥೆಗೆ ಆ ಸಮಾಧಾನವಿಲ್ಲ. ಗೃಹಿಣಿಯ ಕಥೆ ಯಾವುದು, ಹಾಡು ಯಾವುದು ಎಂಬುದನ್ನು ಅದು ಎಲ್ಲಿಯೂ ತಿಳಿಸುವುದಿಲ್ಲ. ಕಥೆಯೊಂದಿತ್ತು ಎಂಬ ಮಾಹಿತಿ ಬೇರೆ, ಆ ಕಥೆ ಬೇರೆ. ದಾಖಲೆಯನ್ನೇ ನೆಚ್ಚುವ ಜಾನಪದ ಅಧ್ಯಯನಕ್ಕೆ ಈ ಕಿರುಗಥೆ ನೀಡುವ ಎಚ್ಚರಿಕೆ ಇದು: ಬಲ್ಲವರು ಮರೆಯುವ ಮೊದಲೇ ಕೇಳಬೇಕು.